ಎಂಟಂಕಣದ ಮನೆಯ ನಕ್ಷೆ

ದೆವ್ವ, ಗಾಳಿ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವನು ನಾನು. ಟೇಪು ಹಿಡಿದು ಅಳೆದದ್ದನ್ನು ಮಾತ್ರ ನಂಬಿದವನು. ಈಗ ಹೇಳುತ್ತಿರುವುದೂ ಅಳತೆಯ ವಿಷಯವೇ. ನಗುವುದಾದರೆ ನಗಿ.

ಕಡಲೆಕಾಯಿ ವ್ಯಾಪಾರದಲ್ಲಿ ಮೇಲೆ ಬಂದ ನಮ್ಮ ಮುತ್ತಜ್ಜ, ಶಿರಾದಿಂದ ಗಾರೆ ಕೆಲಸದವರನ್ನು ಕರೆಸಿ ಮಧುಗಿರಿಯಲ್ಲಿ ನೂರು ವರ್ಷದ ಹಿಂದೆ ಕಟ್ಟಿಸಿದ ಮನೆಗೆ ಊರು ಇಟ್ಟ ಹೆಸರು ಎಂಟಂಕಣದ ಮನೆ. ಕಂಬದಿಂದ ಕಂಬಕ್ಕೆ ಒಂದು ಅಂಕಣ, ಅಂಕಣಕ್ಕೊಂದು ಕೋಣೆ, ಕೋಣೆಗೊಂದು ಬೀದಿ ಕಿಟಕಿ. ಪಾವಗಡದ ಬಸ್ಸಿನವರು ಆ ಹೆಸರು ಕೂಗಿಯೇ ಜನರನ್ನು ಇಳಿಸುತ್ತಿದ್ದರು.

ಕೆಲವು ವರ್ಷಗಳ ಹಿಂದೆ ರಸ್ತೆ ಅಗಲ ಮಾಡುವವರ ಗುರುತು ಗೋಡೆಗೆ ಬಿತ್ತು. ಹಳೆಯ ಕಟ್ಟಡವೆಂದು ಉಳಿಸಿಕೊಳ್ಳಬೇಕಾದರೆ ಸೋಮವಾರದೊಳಗೆ ಅಳತೆಯ ನಕ್ಷೆ ಕೊಡಿ ಎಂದರು. ಅದೇನು ಮಹಾ ಎಂದು ಭಾನುವಾರ ಬೆಳಿಗ್ಗೆ ಹೊರಟೆ. ಟೇಪಿನ ಇನ್ನೊಂದು ತುದಿ ಹಿಡಿದವರು ಆ ಮನೆಯಲ್ಲೇ ಹುಟ್ಟಿದ ನನ್ನ ಸೋದರತ್ತೆ.

ಹೊರಗೆ ಎಪ್ಪತ್ತು ಅಡಿ ಬಂತು. ಒಳಗೆ ಮೊಗಸಾಲೆಯಲ್ಲಿ, ಗೋಡೆಯಿಂದ ಗೋಡೆಗೆ, ಎಪ್ಪತ್ತೆರಡು. ಗೋಡೆಯ ದಪ್ಪ ಕಳೆದು ಕಡಿಮೆಯಾಗಬೇಕಾದದ್ದು ಜಾಸ್ತಿಯಾಗಿತ್ತು! ಅತ್ತೆ ಟೇಪು ಸಡಿಲ ಬಿಟ್ಟರೆಂದು ರೇಗಿದೆ. ಮತ್ತೆ ಅಳೆದರೂ ಅದೇ. ಒಳಗೆ ಅಂಕಣ ಎಣಿಸಿದೆ, ಒಂಬತ್ತು. ಅತ್ತೆ ಎಣಿಸಿದರೂ ಒಂಬತ್ತು. ಬೀದಿಗೆ ಓಡಿ ಕಿಟಕಿ ಎಣಿಸಿದರೆ ಎಂಟು. ಬೇರೆ ಟೇಪು ತಂದೆ, ಊಟ ಬಿಟ್ಟೆ, ಗಾರೆ ಕೆಲಸದವರನ್ನೆಲ್ಲ ಬೈದೆ. ಸಂಜೆಯವರೆಗೂ ಹಾಳಾದ ಆ ಒಂದಂಕಣ ಎಲ್ಲಿಂದ ಬಂತೆಂದು ಹಿಡಿಯಲಾಗಲಿಲ್ಲ.

"ಎಂಟು ಅಂತ ಬರ್ದ್ಬುಡು ಕಣ್ಲಾ, ಮನೆ ಉಳೀಲಿ" ಎಂದರು ಅತ್ತೆ.

ಬರೆಯಬಹುದಿತ್ತು. ಆದರೆ ತಪ್ಪು ಅಳತೆ ಹಾಕಿದ ಹುಡುಗರ ಹಾಳೆ ಹರಿದ ಕೈ ನನ್ನದು. ಎರಡೂ ಅಳತೆಗಳನ್ನು ಇದ್ದಂತೆಯೇ ಬರೆದು ಕೊಟ್ಟೆ. ಕಚೇರಿಯವರು ನಕ್ಕು, ಸರಿಯಾಗಿ ಅಳೆದು ತನ್ನಿ ಮೇಷ್ಟ್ರೇ ಎಂದು ವಾಪಸ್ಸು ಕೊಟ್ಟರು. ಗಡುವು ಮುಗಿಯಿತು. ಮನೆ ಬಿತ್ತು.

ಮಣ್ಣು ಸಾಗಿಸಿದ ಮೇಲೆ ಹೋಗಿ ತಳಪಾಯ ಅಳೆದೆ. ಎಂಟೇ ಅಂಕಣ. ಟೇಪು ಬಿಸಾಡಿದೆ. ಅತ್ತೆ ಮಾತ್ರ ಒಂದೊಂದರಲ್ಲೂ ನಿಂತು, ಇದು ದೇವರ ಕೋಣೆ, ಇದು ಅಡುಗೆಮನೆ, ಇದು ಉಗ್ರಾಣ ಎನ್ನುತ್ತಾ ಕೊನೆಯವರೆಗೂ ನಡೆದರು. ಎಂಟೂ ಮುಗಿದವು.

"ಬಾಣಂತಿ ಕ್ವಾಣೆ ಎಲ್ಲೋಯ್ತಲಾ? ನಾನು ಹುಟ್ಟಿದ್ದು ಅಲ್ಲೇ ಅಲ್ವೇನ್ಲಾ?"

ಈಗಲೂ ಆಗಾಗ ಕೇಳುತ್ತಾರೆ. ನಾನು ರೇಗುತ್ತೇನೆ. ಆಮೇಲೆ ವಾಪಸ್ಸು ಬಂದ ಆ ನಕ್ಷೆ ತೆಗೆದು ಮತ್ತೆ ಎಣಿಸುತ್ತೇನೆ.