ಡ್ರೈವರ್ ಮಾಮನ ಕಿಟಕಿ ರಬ್ಬರ್

ಹೋದ ವಾರ ಹಿಂದೂಪುರದ ಬಸ್ ಷೆಡ್ಡಿನಲ್ಲಿ ಯಾರೋ ಕಿಟಕಿಗೆ ರಬ್ಬರ್ ಕೂರಿಸುತ್ತಿದ್ದರು. ಹೊಸ ರಬ್ಬರಿನ ಜೊತೆ ಅಂಟುವಾಳದ ನೊರೆಯ ವಾಸನೆ... ತಟ್ಟನೆ ನಮ್ಮ ಡ್ರೈವರ್ ಮಾಮ ನೆನಪಾದರು.

ಆಗ ಎರಡನೇ ಮಹಾಯುದ್ಧ ಮುಗಿದ ಹೊಸತು. ಹಿಂದೂಪುರ–ಕಲ್ಯಾಣದುರ್ಗದ ಬಸ್ಸಿಗೆ ಅವರು ಡ್ರೈವರ್, ನಾನು ಕಂಡಕ್ಟರ್. ಟಿಕೆಟ್ ಹರಿಯುವುದಕ್ಕಿಂತ ಜನರ ದನಿ ಅಣಕಿಸುವುದರಲ್ಲೇ ನಾನು ಪಳಗಿದ್ದೆ. ಮಾಮ ತಮ್ಮ ಹಣೆಗೂ ಬಸ್ಸಿನ ಬಾನೆಟ್ಟಿಗೂ ವಿಭೂತಿ ಬಳಿಯುವವರು. ಯುದ್ಧಕಾಲದಲ್ಲಿ ರಬ್ಬರ್ ಸಿಗದೆ ಕಿಟಕಿಯ ಗಾಜುಗಳು ಮುದುಕರ ಹಲ್ಲಿನಂತೆ ಅಲ್ಲಾಡುತ್ತಿದ್ದವು. ಸಂದಿಯಲ್ಲಿ ನುಗ್ಗುವ ಧೂಳಿನಿಂದ, ಕರ್ರಗೆ ಹತ್ತಿದ ನಾನು ಕೆಂಪಗೆ ಇಳಿಯುತ್ತಿದ್ದೆ. ನನ್ನ ಬಣ್ಣಕ್ಕೆ ಅದೊಂದೇ ಭಾಗ್ಯ. ಮಾಮನ ಮನೆ ಕಲ್ಯಾಣದುರ್ಗದ ರಸ್ತೆಯಂಚಿನಲ್ಲಿತ್ತು. ಅಲ್ಲಿ ಲಾರಿಗಳ ಸದ್ದು ನಿಲ್ಲುತ್ತಲೇ ಇರಲಿಲ್ಲ. ಹಾರನ್ನನ್ನಂತೂ ಮಾಮ ಆಡು ಕಂಡರೂ ಒತ್ತುವವರು. ಹಾಗಾಗಿ ಅವೆರಡನ್ನೂ ನಂಬದ ಅವರ ಹೆಂಡತಿ, ನನ್ನ ಪಾಲಿನ ಅತ್ತೆ, ಒಲೆ ಹಚ್ಚುತ್ತಿದ್ದುದು ನಮ್ಮ ಬಸ್ಸಿನ ಗಾಜಿನ ಗಡಗಡ ಕೇಳಿದ ಮೇಲೆಯೇ.

ಆಗ ಮಾಮನ ಮಗಳನ್ನು ನೋಡಲು ಹಿಂದೂಪುರದಿಂದ ಗಂಡಿನ ಕಡೆಯವರು ಬರುವುದೆಂದಾಯಿತು, ಅದೂ ನಮ್ಮ ಬಸ್ಸಿನಲ್ಲೇ. ಹಿಂದೆ ಬಂದ ಸಂಬಂಧಗಳೆಲ್ಲ ಮಾತಿನಲ್ಲೇ ಮುರಿದಿದ್ದವು.

“ಧೂಳು ಕುಡ್ಕೊಂಡು ಬಂದೋರು ಹೆಣ್ಣು ಒಪ್ತಾರೇನ್ಲಾ?” ಎಂದು ಮಾಮ ಬೆಂಗಳೂರಿನಿಂದ ರಬ್ಬರ್ ಪಟ್ಟಿ ತರಿಸಿದರು.

ಹಿಂದಿನ ದಿನವೆಲ್ಲ ಅದೇ ಕೆಲಸ. ಕಲ್ಲಾಗಿದ್ದ ಹಳೇ ರಬ್ಬರ್ ಕೆರೆದು, ಹೊಸ ಪಟ್ಟಿಯನ್ನು ಗಾಜಿಗೆ ತೊಡಿಸಿ, ಅದರ ಸೀಳಿನಲ್ಲಿ ಹುರಿ ಸುತ್ತಿ, ಅಂಟುವಾಳದ ನೊರೆ ಬಳಿದೆವು. ಹೊರಗಿನಿಂದ ನಾನು ಗಾಜು ಒತ್ತುವುದು, ಒಳಗಿನಿಂದ ಮಾಮ ಹುರಿ ಎಳೆಯುವುದು; ಎಳೆದಂತೆಲ್ಲ ರಬ್ಬರಿನ ಅಂಚು ಮಗುಚಿ ಚೌಕಟ್ಟನ್ನು ಕಚ್ಚಿಕೊಳ್ಳುತ್ತಿತ್ತು.

“ಒತ್ಲಾ! ಬಾಯಿಗಿರೋ ಸಕ್ತಿ ಕೈಗಿಲ್ವಾ?”

“ಒತ್ಲಾ!” ಎಂದೆ, ಅವರದೇ ದನಿಯಲ್ಲಿ. ಒಂದು ಬೊಗಸೆ ನೊರೆ ನನ್ನ ಮುಖಕ್ಕೆ ಬಂತು.

ಮರುದಿನ ಬಸ್ಸು ಕಳ್ಳಬೆಕ್ಕಿನಂತೆ ಬಂದು ಮಾಮನ ಮನೆ ಮುಂದೆ ನಿಂತಿತು. ಗಂಡಿನ ತಾಯಿಯ ಸೀರೆಯ ಮಡಿಕೆಯೂ ಕೆಟ್ಟಿರಲಿಲ್ಲ. ಆದರೆ ಮನೆ ಬಾಗಿಲು ಮುಚ್ಚಿತ್ತು. ಹೊಗೆಯಿಲ್ಲ, ಒಗ್ಗರಣೆಯ ಘಮವಿಲ್ಲ. ಒಳಗೆ ಕಡಲೆಕಾಯಿ ಸುಲಿಯುವ ಪಟಪಟ ಸದ್ದು. ಮಾಮ ಬಿಳಿಚಿಕೊಂಡರು.

“ಅಯ್ಯೋ, ಅವ್ಳು ಗಡಗಡಕ್ಕೆ ಕಾಯ್ತಾವ್ಳೆ ಕಣ್ಲಾ! ನೀನಾದ್ರೂ ಗಡಗಡ ಅನ್ಲಾ!” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಬಾಯಿಗೆ ಕೈ ಅಡ್ಡ ಹಿಡಿದು, ಇದ್ದಬದ್ದ ಗಾಜನ್ನೆಲ್ಲ ಗಂಟಲಲ್ಲೇ ಅಲ್ಲಾಡಿಸಿದೆ. ಒಳಗಿಂದ ಅತ್ತೆ ಕೂಗಿದರು: “ಲೇ, ಬಂತು ಕಣೇ ನಿಮ್ಮಪ್ಪನ ತಗಡಿನ ಡಬ್ಬ! ತಲೆ ಬಾಚ್ಕೊಳೇ! ಆ ಹಿಂದೂಪುರದವ್ರು ಇಳ್ದು ಬರೋವೊತ್ಗೆ ಎಲ್ಲಾ ಆಯ್ತದೆ!”

ಹಿಂದೂಪುರದವರು ಹೊಸ್ತಿಲಾಚೆಯೇ ನಿಂತಿದ್ದರು. ಮಾಮ ಕಣ್ಣು ಮುಚ್ಚಿಕೊಂಡರು. ಗಂಡಿನ ತಾಯಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಾವ್ ಆಗ್ಲೇ ಬಂದ್ಬುಟ್ಟೀವಿ ಕಣಮ್ಮ! ನಿಧಾನಕ್ಕೆ ಬಾಚ್ಕೊಳ್ಲಿ. ಯಾಕ್ ಹಂಗ್ ನಡುಗ್ತೀರಾ ಬೀಗ್ರೇ, ಕೂತ್ಕಳಿ.”

ಹುಡುಗಿಯ ಮುಖವನ್ನೇ ಇನ್ನೂ ನೋಡಿರಲಿಲ್ಲ, ಬೀಗರೇ ಎಂದುಬಿಟ್ಟಿದ್ದರು! ಮಾಮ ಜಗಲಿಯ ಮೇಲೆ ಕುಸಿದು ಟವೆಲಿನಿಂದ ಕಣ್ಣೊರೆಸಿಕೊಂಡರು. “ಧೂಳು ಕಣ್ಲಾ,” ಎಂದರು. ಯಾವ ಧೂಳು?

ಮೊಮ್ಮಗ ಹುಟ್ಟುವ ಮುಂಚೆಯೇ ಮಾಮ ಹೋಗಿಬಿಟ್ಟರು...

ಹೋದ ವಾರ ಆ ಷೆಡ್ಡಿನಿಂದ ನೇರವಾಗಿ ಅವರ ಮಗಳ ಮನೆಗೆ ಹೋದೆ. “ಅಣ್ಣಾ, ನಮ್ಮಪ್ಪನಂಗೆ ಒಂದ್ಸಲ ಮಾತಾಡು. ಇವ್ನೂ ಕೇಳ್ಲಿ,” ಎಂದಳು, ಮಗನನ್ನು ಮುಂದಕ್ಕೆ ತಳ್ಳಿ.

“ಏನ್ಲಾ ಮೊಮ್ಮಗನೇ, ಉಂಡ್ಯೇನ್ಲಾ?” ಎಂದೆ.

ಯಾರು ಬಂದರೆಂದು ಮಗು ಬಾಗಿಲ ಕಡೆ ನೋಡಿತು. ಅವಳೂ ನೋಡಿದಳು.

ಇನ್ನೊಂದು ಸಲ ಮಾಡೆಂದು ಮಗು ಹಟ ಹಿಡಿಯಿತು. ಅವಳ ಮುಖ ನೋಡಿ, ಮಾಮನ ದನಿ ಬಿಟ್ಟು ಕತ್ತೆಯಂತೆ ಕೂಗಿದೆ. ಅದಕ್ಕೆ ಅಭ್ಯಾಸ ಬೇಕಿರಲಿಲ್ಲ.