ಮಿರ್ಚಿ ಬಜ್ಜಿ ಮತ್ತು ಹೃದಯದ ಡಾಕ್ಟರ್

ನನ್ನ ಗಂಡ ಧಾರವಾಡದವರು, ಲಂಡನ್ನಿನಲ್ಲಿ ಹೃದಯದ ಡಾಕ್ಟರ್. ತೊಂಬತ್ತರ ದಶಕದಲ್ಲಿ ಶನಿವಾರ ಬಂತೆಂದರೆ ರೇನರ್ಸ್ ಲೇನಿನ ಪುಟ್ಟ ಹೋಟೆಲಿನಲ್ಲಿ ನಮಗೆ ಮಿರ್ಚಿ ಬಜ್ಜಿ. ಒಮ್ಮೆ ಅವರು ಬಜ್ಜಿಗೆ ಕೈಹಾಕುವಷ್ಟರಲ್ಲಿ, ಕರಿದದ್ದು ಮುಟ್ಟಬೇಡಿ ಎಂದು ಅವರಿಂದಲೇ ಬೈಸಿಕೊಂಡಿದ್ದ ಗುಜರಾತಿ ಅಜ್ಜಿ ಒಳಗೆ ಬಂದರು. ಇವರು ತಟ್ಟೆಯನ್ನು ಸರಕ್ಕನೆ ನನ್ನ ಮುಂದೆ ತಳ್ಳಿ, ಎಣ್ಣೆಯ ಅಪಾಯಗಳ ಬಗ್ಗೆ ನನಗೆ ಇಂಗ್ಲಿಷಿನಲ್ಲಿ ಜೋರಾಗಿ ಪಾಠ ಶುರುಮಾಡಿದರು. ನಾನು ತಲೆಯಾಡಿಸುತ್ತಾ ಒಂದೊಂದೇ ತಿಂದೆ.

“ಏ, ನನಗೊಂದರ ಉಳಸ,” ಎಂದು ಪಿಸುಗುಟ್ಟಿದರು.

“ಸುಮ್ನಿರಿ, ನಿಮ್ಮ ಪೇಶೆಂಟ್ ನೋಡ್ತಿದಾರೆ.”

ಅಜ್ಜಿ ಬಂದು ನನ್ನ ಬೆನ್ನು ಸವರಿ, “ಪಾಪ, ಮನೇಲೂ ಹೀಗೇ ಬೈತಾರಾ?” ಎಂದು ಹಿಂದಿಯಲ್ಲಿ ಕೇಳಿದರು.

“ದಿನಾ,” ಎಂದೆ.

ಕನಿಕರಪಟ್ಟ ಅಜ್ಜಿ ನನಗೆಂದೇ ಇನ್ನೊಂದು ಪ್ಲೇಟ್ ಬಜ್ಜಿ ತರಿಸಿದರು. ಅರ್ಧ ತಾವೇ ತಿಂದರು. ಇವರು ಸಕ್ಕರೆಯಿಲ್ಲದ ಚಹಾ ಕುಡಿಯುತ್ತಾ ಕಿಟಕಿಯಾಚೆ ನೋಡಿದರು.