ಖಾನಾಪುರದ ಎರಡು ಬಟ್ಟಲು

ನನ್ನ ಅಜ್ಜ ಬೆಳಗಾವಿಗೆ ಬರುವ ಮೊದಲು ಹೋಗುತ್ತಿದ್ದ ಚರ್ಚನ್ನು ನೋಡಬೇಕೆಂದು ಈ ಭಾನುವಾರ ಖಾನಾಪುರದಲ್ಲಿ ಇಳಿದೆ. ಆರಾಧನೆಗೆ ಇನ್ನೂ ಅರ್ಧ ಗಂಟೆಯಿತ್ತು. ಚರ್ಚಿನ ಕೀಲಿ ಇಟ್ಟುಕೊಂಡಿರುವ ರೂತಬಾಯಿ, ಎಂಬತ್ತು ದಾಟಿದವರು, ಗೋಡೆಯ ಕಪಾಟು ತೆರೆದು ಹಳೆಯ ಸಾಮಾನು ತೋರಿಸಿದರು. ಪ್ರಭುಭೋಜನದ ಬೆಳ್ಳಿ ಬಟ್ಟಲುಗಳು ಎರಡಿದ್ದವು.

"ಆಗ ಚರ್ಚಿಗೆ ಅಷ್ಟ ಮಂದಿ ಬರತಿದ್ರೇನ್ರೀ?" ಎಂದೆ.

"ಇಲ್ರೀ. ಇದರಾಗ ಮ್ಯಾಲಿನ ಜಾತಿಯಿಂದ ಬಂದವರು ಕುಡೀತಿದ್ರು. ಅದರಾಗ ನಮ್ಮ ಕೇರಿಯವರು."

ಕ್ರಿಸ್ತನ ರಕ್ತವೆಂದು ಕುಡಿಯುವ ದ್ರಾಕ್ಷಾರಸಕ್ಕೂ ಎರಡು ಬಟ್ಟಲೇ?

"ಒಂದ ಸಲ ನಮ್ಮವ್ವ ಬೇಕಂತನ ಅವರ ಬಟ್ಟಲದಾಗ ಕುಡದಳು. ಪಾಸ್ಟರ್ ತಡೀಲಿಲ್ಲ. ಅವತ್ತ ಏಳು ಮನಿಯವರು ಎದ್ದು ಹೋದ್ರು, ತಿರುಗಿ ಬರಲೇ ಇಲ್ಲ. ನಾ ಆಗ ಸಣ್ಣಾಕಿ, ಖರೇ ಎಲ್ಲಾ ನೆನಪೈತಿ."

ಅಜ್ಜ ನೌಕರಿಗಾಗಿ ಊರು ಬಿಟ್ಟರೆಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಆ ಏಳು ಮನೆಯವರು ಯಾರೆಂದು ಕೇಳಿದೆ. ರೂತಬಾಯಿ ಬೆರಳು ಮಡಚುತ್ತ ಹೇಳಿದರು. ನಾಲ್ಕನೆಯದು ಅಜ್ಜನ ಹೆಸರು.

"ಅವರು ನಮ್ಮ ಅಜ್ಜಾರು," ಎಂದೆ. ರೂತಬಾಯಿಯವರ ಮುಖ ನೋಡಲಾಗಲಿಲ್ಲ.

ಜನ ಒಬ್ಬೊಬ್ಬರಾಗಿ ಒಳಗೆ ಬರತೊಡಗಿದ್ದರು. ರೂತಬಾಯಿ ಕಪಾಟಿಗೆ ಕೀಲಿ ಹಾಕಿ, ಮುಂದಿನ ಬೆಂಚಿನ ಮೇಲೆ ಕುಳಿತು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು.

"ಬಾಜು ಕುಂದರ್ರಿ. ನಿಮ್ಮ ಅಜ್ಜಾರು ಭಾಳ ಛಲೋ ಹಾಡತಿದ್ರು. ನಿಮಗ ಬರತೈತೇನು?"